ರಾಜ್ಯಾಂಗದ 19ನೆಯ ಅನುಚ್ಛೇದವೂ ಹೊಸಪೇಟೆಯ ಸೀಮೆಯೂ

ಹಂಪಿಯ ಬಳಿ ತುಂಗಭದ್ರೆಯನ್ನು ದಾಟುವವರಿಗೆ, 1950ರಲ್ಲಿ ಆ ಹೊಳೆಯೇ ಎರಡು ರಾಜ್ಯಗಳ ಎಲ್ಲೆಯಾಗಿದ್ದಿತೆಂಬುದು ಇಂದು ತೋರದು. ಉತ್ತರದ ದಡದ ಆನೆಗೊಂದಿಯು ಹೈದರಾಬಾದಿಗೆ ಸೇರಿದ್ದಿತು. ದಕ್ಷಿಣದ ಹಂಪಿ, ಹೊಸಪೇಟೆ, ಕಂಪ್ಲಿಗಳು ಮದರಾಸಿನ ಬಳ್ಳಾರಿ ಜಿಲ್ಲೆಯಲ್ಲಿದ್ದುವು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನವು 1949ರ ಏಪ್ರಿಲ್ 1ರಂದು ಮದರಾಸಿನಲ್ಲಿ ವಿಲೀನವಾಗಿದ್ದಿತು. ಈ ಭೂಗೋಳವನ್ನು ಮರೆತುದರಿಂದಲೇ, ಪತ್ರಿಕಾ ಸ್ವಾತಂತ್ರ್ಯವನ್ನು ಕುರಿತ ಮೊದಲ ಮಹತ್ತ್ವದ ವ್ಯಾಜ್ಯವು ನಮ್ಮ ಸೀಮೆಗೂ ಸಂಬಂಧಿಸಿದುದೆಂಬ ಸಂಗತಿ ನಮ್ಮ ತರಗತಿಗಳಲ್ಲಿ ಪ್ರಸ್ತಾಪಕ್ಕೆ ಬಾರದೆ ಉಳಿದಿದೆ.

ಅಮೆರಿಕದ ರಾಜ್ಯಾಂಗದ 1791ರ ಮೊದಲ ತಿದ್ದುಪಡಿಯಲ್ಲಿ ಪತ್ರಿಕೆಯ ಹೆಸರು ಸ್ಪಷ್ಟವಾಗಿದೆ. ನಮ್ಮಲ್ಲಿ ಅದಿಲ್ಲ. 1948ರ ಡಿಸೆಂಬರ್ ಆರಂಭದಲ್ಲಿ ರಾಜ್ಯಾಂಗ ರಚನಾ ಸಭೆಯು ಕರಡಿನ 13ನೆಯ ಅನುಚ್ಛೇದವನ್ನು ಚರ್ಚಿಸಿದಾಗ, ಪ್ರೊ. ಕೆ. ಟಿ. ಷಾ ಅವರೂ ದಾಮೋದರ ಸ್ವರೂಪ ಸೇಠರೂ ಆ ಹೆಸರನ್ನು ಸೇರಿಸಬೇಕೆಂದು ವಾದಿಸಿದರು. ಡಾ. ಅಂಬೇಡ್ಕರರ ಉತ್ತರವು ನೇರವಾಗಿದ್ದಿತು: ಪತ್ರಿಕೆಯೆಂಬುದು ಪ್ರಜೆಯ ಮತ್ತೊಂದು ರೂಪವಷ್ಟೆ, ಸಂಪಾದಕನು ಪ್ರಜೆಯಾಗಿಯೇ ತನ್ನ ಹಕ್ಕನ್ನು ಚಲಾಯಿಸುವನು, ಪ್ರತ್ಯೇಕ ಉಲ್ಲೇಖ ಅನಾವಶ್ಯಕ. ಅದೇ ಚರ್ಚೆಯಲ್ಲಿ ಕೆ. ಎಂ. ಮುನ್ಷಿಯವರು, ಕರಡಿನ ಅಪವಾದಗಳಲ್ಲಿದ್ದ ‘ರಾಜದ್ರೋಹ’ವೆಂಬ ಪದವನ್ನು ತೆಗೆಯಬೇಕೆಂದು ಸೂಚಿಸಿದರು, ಅದು ಹೊರಬಿದ್ದಿತು. ಹೆಸರಿನ ವಾದ ಹೆಚ್ಚು ಪ್ರಸಿದ್ಧವಾದರೂ, ಫಲದ ದೃಷ್ಟಿಯಿಂದ ಮುನ್ಷಿಯವರ ಸೂಚನೆಯೇ ದೊಡ್ಡದೆಂದು ನಮ್ಮ ಅಭಿಪ್ರಾಯ.

ಅದರ ಪರೀಕ್ಷೆ ಬೇಗನೆ ಬಂದಿತು. ರಾಜ್ಯಾಂಗವು ಜಾರಿಗೆ ಬಂದ ಐದನೆಯ ವಾರದಲ್ಲಿ, 1950ರ ಮಾರ್ಚ್ 1ರಂದು, ಮದರಾಸು ಸರ್ಕಾರವು ‘ಕ್ರಾಸ್ ರೋಡ್ಸ್’ ಎಂಬ ಮುಂಬಯಿಯ ಇಂಗ್ಲಿಷ್ ವಾರಪತ್ರಿಕೆಯ ಪ್ರವೇಶವನ್ನೂ ಮಾರಾಟವನ್ನೂ ರಾಜ್ಯದಾದ್ಯಂತ ನಿಷೇಧಿಸಿತು. ಇದಕ್ಕೆ ಆಧಾರವಾದುದು ಆ ರಾಜ್ಯದ 1949ರ ಸಾರ್ವಜನಿಕ ಶಾಂತಿಪಾಲನಾ ಕಾನೂನು. ನಿಷೇಧದ ಬಲವು ತುಂಗಭದ್ರೆಯ ನಡುನೀರಿನವರೆಗೆ ಮಾತ್ರ. ಆದರೆ ಹೊಸಪೇಟೆಯ ಪೇಟೆಬೀದಿಗೆ ಅದು ಮದರಾಸು ಪಟ್ಟಣಕ್ಕೆ ಅನ್ವಯಿಸಿದಷ್ಟೇ ಅನ್ವಯಿಸಿದ್ದಿತು. ಸಂಪಾದಕ ರೊಮೇಶ್ ಥಾಪರರು ಉಚ್ಚ ನ್ಯಾಯಾಲಯಕ್ಕೆ ಹೋಗದೆ, 32ನೆಯ ಅನುಚ್ಛೇದದ ಮೇರೆಗೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೊದಲು ಮದರಾಸಿನಲ್ಲಿ ಕೇಳಬೇಕಿತ್ತೆಂಬ ಆಕ್ಷೇಪವನ್ನು ನ್ಯಾಯಾಲಯವು ತಳ್ಳಿಹಾಕಿತು.

ಮೇ 26ರಂದು ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿಗಳು ಬರೆದ ತೀರ್ಪಿನಲ್ಲಿ ಎರಡು ಅಂಶಗಳು ಮುಖ್ಯ. ಪ್ರಸಾರವಿಲ್ಲದ ಪ್ರಕಟಣೆಗೆ ಬೆಲೆಯಿಲ್ಲವಾದುದರಿಂದ, ವಾಕ್‌ಸ್ವಾತಂತ್ರ್ಯದಲ್ಲಿ ಪ್ರಸಾರದ ಸ್ವಾತಂತ್ರ್ಯವೂ ಅಡಕವಾಗಿದೆ. ಅಂದರೆ ಅಂಬೇಡ್ಕರರ ಮಾತು ಸಮರ್ಥಿತವಾಯಿತು, ಹೆಸರಿಲ್ಲದೆಯೂ ಪತ್ರಿಕೆಗೆ ರಕ್ಷಣೆ ದೊರೆಯಿತು. ಎರಡನೆಯದಾಗಿ, ರಾಜ್ಯಾಂಗದ ಅಪವಾದದಲ್ಲಿದ್ದುದು ರಾಷ್ಟ್ರದ ಭದ್ರತೆ; ಸಾರ್ವಜನಿಕ ಶಾಂತಿಯೆಂಬುದು ಅದಕ್ಕಿಂತ ಬಹು ವ್ಯಾಪಕವಾದುದು. ಆದುದರಿಂದ ನಿಷೇಧವು ನಿಲ್ಲಲಾರದಾಯಿತು. ಸಂಡೂರಿನ ವಿಷಯವನ್ನು ಇಲ್ಲಿ ಗಮನಿಸಬೇಕು. 1949ರ ಮಾರ್ಚಿಯಲ್ಲಿ ಅರಸನೊಬ್ಬನ ಪ್ರಜೆಗಳಾಗಿದ್ದವರು, 14 ತಿಂಗಳು ತುಂಬುವ ಮೊದಲೇ, ತಮ್ಮ ಸರ್ಕಾರದ ಆಜ್ಞೆಯೊಂದು ನ್ಯಾಯಸ್ಥಾನದಲ್ಲಿ ಬಿದ್ದುಹೋದುದನ್ನು ಕಂಡರು.

ಆ ರಕ್ಷಣೆ ಹೆಚ್ಚು ಕಾಲ ಅದೇ ರೂಪದಲ್ಲಿ ಉಳಿಯಲಿಲ್ಲ. 1951ರ ಜೂನ್ 18ರ ಮೊದಲ ತಿದ್ದುಪಡಿಯು ಅಪವಾದಗಳ ಪಟ್ಟಿಗೆ ‘ಸಾರ್ವಜನಿಕ ಶಾಂತಿ’ಯನ್ನೂ, ವಿದೇಶಗಳೊಡನೆ ಸ್ನೇಹ, ಅಪರಾಧಕ್ಕೆ ಪ್ರಚೋದನೆ ಎಂಬಿವನ್ನೂ ಸೇರಿಸಿತು, ಮೊದಲಿನಿಂದಲೂ ಹಾಗೆಯೇ ಇದ್ದಿತೆಂದು ಭಾವಿಸತಕ್ಕದ್ದೆಂದೂ ವಿಧಿಸಿತು. ಬಿದ್ದುಹೋದ ವಾದಕ್ಕೆ ಹಿಂದಿನ ದಿನಾಂಕದಿಂದ ಜೀವ ಕೊಡುವ ಈ ಕ್ರಮವು ನಮಗೆ ಸರಿಕಾಣದು. ಆದರೂ ನಿರ್ಬಂಧಗಳು ‘ಸಮಂಜಸ’ವಾಗಿರಬೇಕೆಂಬ ವಿಶೇಷಣವು ಆಗಲೇ ಸೇರಿತೆಂಬುದನ್ನು ಹೇಳದಿರುವುದು ನ್ಯಾಯವಲ್ಲ, ಅನಂತರದ ದಶಕಗಳಲ್ಲಿ ಪತ್ರಿಕೆಗಳು ನ್ಯಾಯಸ್ಥಾನಗಳಲ್ಲಿ ಹಿಡಿದುಕೊಂಡುದು ಆ ಒಂದು ಪದವನ್ನೇ.

ಶಾಸ್ತ್ರಿಗಳ ತೀರ್ಪಿನ ಜತೆಗೆ ನ್ಯಾಯಮೂರ್ತಿ ಫಜಲ್ ಅಲಿಯವರ ಭಿನ್ನಾಭಿಪ್ರಾಯವನ್ನೂ ವಿದ್ಯಾರ್ಥಿಗಳು ಓದಬೇಕು. ಅದರ ಕಾರಣಗಳು ಅದೇ ದಿನ ತೀರ್ಮಾನವಾದ ದೆಹಲಿಯ ಬ್ರಿಜ್ ಭೂಷಣ್ ವ್ಯಾಜ್ಯದಲ್ಲಿ ದೊರೆಯುತ್ತವೆ. ಸಾರ್ವಜನಿಕ ಶಾಂತಿಗೂ ರಾಷ್ಟ್ರದ ಭದ್ರತೆಗೂ ನಡುವೆ ಅಷ್ಟು ದೊಡ್ಡ ಅಂತರವಿಲ್ಲವೆಂಬ ಅವರ ನಿಲುವು, ಮುಂದಿನ ವರ್ಷದ ತಿದ್ದುಪಡಿಯ ದಾರಿಯನ್ನು ಮುಂಚೆಯೇ ತೋರಿಸಿದ್ದಿತು.