ಕನ್ನಂಬಾಡಿ ಅನ್ನೋ ಹೆಸರು

ಬೇಸಿಗೆ ರಜ ಬಂತು ಅಂದ್ರೆ ನಮ್ಮನೇಲಿ ಮೊದಲು ಏಳ್ತಿದ್ದ ಮಾತು, "ಈ ಸಲ ಕನ್ನಂಬಾಡಿಗೆ ಹೋಗೋಣ್ವಾ?" ಬೃಂದಾವನ ಅಂತ ಯಾರೂ ಅಂತಿರ್ಲಿಲ್ಲ. ಕೆ.ಆರ್.ಎಸ್. ಅನ್ನೋದು ಬಸ್ಸಿನ ಬೋರ್ಡಲ್ಲಿ ಮಾತ್ರ. ಹೊಳೆನರಸೀಪುರದಲ್ಲಿ ಬೆಳಗಿನ ರೈಲು ಹತ್ತಿದ್ರೆ ಮೈಸೂರು, ಅಲ್ಲಿಂದ ಬಸ್ಸು. ಹಿಂದಿನ ರಾತ್ರಿಯೇ ಅಮ್ಮ ಪುಳಿಯೋಗರೆ ಗೊಜ್ಜು ಕಾಯಿಸಿಡೋಳು. ಚಪಾತಿ, ಆಲೂಗಡ್ಡೆ ಪಲ್ಯ, ಮೊಸರನ್ನ ಬೆಳಗ್ಗೆ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಕಮ್ಮಿ, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿರತ್ತೆ. ಈ ಲೆಕ್ಕ ನಿಮಗ್ಯಾರಿಗೂ ಹೇಳಬೇಕಾಗಿಲ್ಲ ಬಿಡಿ.

ತೋಟದ ಹುಲ್ಲಿನ ಮೇಲೆ ಜಮಖಾನ ಹಾಸಿ ಉಂಡು, ಮಕ್ಕಳು ಉರುಳಾಡಿ, ದೊಡ್ಡೋರು ಒಂದು ಜೊಂಪು ನಿದ್ದೆ ತೆಗೆದು, ಎಲ್ಲರೂ ಕಾಯ್ತಿದ್ದಿದ್ದು ಕತ್ತಲಾಗೋದನ್ನ. ದೀಪ ಹತ್ತಿದ ಕೂಡಲೇ ಇಡೀ ತೋಟದ ಜನ ಒಟ್ಟಿಗೆ "ಹೋ" ಅಂತ ಕೂಗೋರು. ಕಾರಂಜಿ ಕೆಂಪಾಗಿ, ಹಸಿರಾಗಿ ಚಿಮ್ಮೋದು. "ನೋಡ್ರೇ, ನಮ್ಮ ಹೊಳೆ ನೀರೇ ಅದು" ಅಂತ ಅಮ್ಮ ಪ್ರತಿ ಸಲ ಹೇಳೋಳು. ಸುಳ್ಳಲ್ಲ. ಮೂಡಿಗೆರೆ ಸೀಮೆಯಲ್ಲಿ ಹುಟ್ಟೋ ಹೇಮಾವತಿ ಸಕಲೇಶಪುರ, ಗೊರೂರು, ನಮ್ಮೂರು ದಾಟಿ ಕನ್ನಂಬಾಡಿಯ ಹಿನ್ನೀರಲ್ಲೇ ಕಾವೇರಿಗೆ ಸೇರೋದು. ಹಿತ್ತಿಲ ಹೊಳೇಲಿ ಬಟ್ಟೆ ಒಗೆದ ನೀರು ಅಲ್ಲಿ ಹೋಗಿ ಕುಣಿಯತ್ತೆ ಅಂತ ನಾವು ನಗ್ತಿದ್ವಿ.

ಅಣೆಕಟ್ಟಿನ ಕೆಲಸ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರು. ಸಿಮೆಂಟಿಲ್ಲ, ಸುಣ್ಣ-ಸುರ್ಕಿ ಗಾರೆ. ಮಂಡ್ಯದ ಗದ್ದೆಗೆ ನೀರು ಅನ್ನೋದು ಎಲ್ಲರಿಗೂ ಗೊತ್ತು. ಶಿವನಸಮುದ್ರದಲ್ಲಿ 1902ರಿಂದ ತಯಾರಾಗ್ತಿದ್ದ ಕರೆಂಟಿಗೆ ಬೇಸಿಗೇಲೂ ನೀರು ಬೇಕು ಅನ್ನೋದೂ ಒಂದು ಕಾರಣ. ತೋಟ ಬಂದಿದ್ದು ಆಮೇಲೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಕಾಶ್ಮೀರದ ಶಾಲಿಮಾರ್ ತೋಟದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ, ಸುಮಾರು 60 ಎಕರೆ. ಗಿಡಮರದ ರೂಪುರೇಷೆ ಲಾಲ್‌ಬಾಗಿನ ಜರ್ಮನ್ ಕ್ರುಂಬಿಗಲ್ ಅವರದು.

ಗೊರೂರಲ್ಲಿ ಹೇಮಾವತಿಗೆ ಕಟ್ಟೆ ಮುಗಿದಿದ್ದು 1979ರಲ್ಲಿ. ಅದಾಗಿ ನಾಲ್ಕೈದು ವರ್ಷಕ್ಕೆ ನಮ್ಮಜ್ಜಿ, ಅಮ್ಮನ ಅಮ್ಮ, ಮೊದಲನೇ ಸಲ ನಮ್ಮ ಜೊತೆ ಕನ್ನಂಬಾಡಿಗೆ ಬಂದ್ರು. ಅಜ್ಜಿ ತವರು ಗೊರೂರಿನ ಮೇಲ್ಗಡೆ, ಆಲೂರು ದಿಕ್ಕಿಗೆ. ಮುಳುಗಡೆಯಾದ ಊರುಗಳಲ್ಲಿ ಅದೂ ಒಂದು. ಕಟ್ಟೆ ಮೇಲೆ ನಿಂತು, ಎಲ್ಲರೂ ತೋಟದ ಕಡೆ ಬಗ್ಗಿ ನೋಡ್ತಿದ್ರೆ ಅಜ್ಜಿ ಮಾತ್ರ ಹಿಂದಕ್ಕೆ ತಿರುಗಿ ನೀರಿನ ಕಡೆ ನೋಡ್ತಿದ್ರು. "ಇದರಡಿ ಯಾವೂರಿತ್ತು?" ಅಂದ್ರು. ಅಪ್ಪ "ಊಟದ ಹೊತ್ತಾಯ್ತು, ಬನ್ನಿ ಅತ್ತೆ" ಅಂದ್ರು. ಪಕ್ಕದಲ್ಲಿ ಕಡಲೆಕಾಯಿ ಮಾರ್ತಿದ್ದ ಹೆಂಗಸು ಅಳತೆ ಪಾವು ಕೆಳಗಿಟ್ಟು, "ಕನ್ನಂಬಾಡಿನೇ ಕಣವ್ವ ಊರು. ಗೋಪಾಲಸ್ವಾಮಿ ಗುಡಿ ಸಮೇತ ಒಳಗೈತೆ" ಅಂದ್ಲು.

ಅಷ್ಟು ವರ್ಷ ಕನ್ನಂಬಾಡಿ ಕನ್ನಂಬಾಡಿ ಅಂತ ಕುಣೀತಿದ್ದ ನಮಗೆ ಅದು ಮುಳುಗಿದ ಊರಿನ ಹೆಸರು ಅಂತ ತಿಳಿದಿದ್ದೇ ಆವತ್ತು.

ಅಜ್ಜಿ ಊಟ ಸರಿಯಾಗಿಯೇ ಮಾಡಿದ್ರು. ದೀಪಾನೂ ನೋಡಿದ್ರು, ಚೆನ್ನಾಗೈತೆ ಅಂದ್ರು. ವಾಪಸ್ ಬಸ್ಸಲ್ಲಿ ಅಮ್ಮನ ಹತ್ರ ಮೆಲ್ಲಗೆ, "ಇಲ್ಲಾದ್ರೆ ಮುಳುಗಿದ ಊರಿನ ಹೆಸರಲ್ಲೇ ಕಟ್ಟೇನ ಕರೀತಾರೆ. ನಮ್ಮದನ್ನ ಗೊರೂರು ಡ್ಯಾಂ ಅಂತಾರೆ. ಗೊರೂರು ಎಲ್ಲಿ ಮುಳುಗ್ತು?" ಅಂದ್ರು. ಅಮ್ಮ ಉತ್ತರ ಕೊಡಲಿಲ್ಲ. ಅಮ್ಮನ ಅಕ್ಕನ್ನ ಕೊಟ್ಟಿದ್ದು ಚನ್ನರಾಯಪಟ್ಟಣದ ಕಡೆ. ಅಲ್ಲಿಗೆ ನಾಲೇಲಿ ಬಂದ ನೀರು ಅದೇ ಹೇಮಾವತಿ. ಬಲದಂಡೆ ನಾಲೆ ಅರಕಲಗೂಡು, ಹೊಳೆನರಸೀಪುರದ ಕಡೆಗೆ. ದೊಡ್ಡಮ್ಮನ ಮನೆ ಭತ್ತದ ಮೂಟೆ ಬಂದಾಗೆಲ್ಲ ಅಜ್ಜಿ ಖುಷಿ ಪಡೋರು, ಆಮೇಲೆ ಸುಮ್ಮನೆ ಕೂತುಬಿಡೋರು. ಎರಡೂ ನಿಜವೇ.

ಕನ್ನಂಬಾಡಿಯ ಗುಡಿ ಹೊಯ್ಸಳರ ಕಾಲದ್ದು. ನೀರು ತಳಕ್ಕೆ ಹೋದ ವರ್ಷ ತಲೆ ಎತ್ತಿ ಕಾಣೋದು. ಅದನ್ನ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದಲ್ಲಿ, ಹೊಸ ಕನ್ನಂಬಾಡೀಲಿ ಮತ್ತೆ ಕಟ್ಟಿದ್ದಾರೆ. ಈಗ ಬೃಂದಾವನಕ್ಕೆ ಹೋದೋರು ಅಲ್ಲಿಗೂ ಹೋಗ್ತಾರೆ. ನಮ್ಮ ಗೊರೂರು ಹಿನ್ನೀರಲ್ಲಿ ಜನ ನೋಡೋಕೆ ಹೋಗೋದು ಶೆಟ್ಟಿಹಳ್ಳಿಯ ಹಳೇ ಇಗರ್ಜಿ. ಮಳೆಗಾಲದಲ್ಲಿ ಮುಳುಗಿ, ಬೇಸಿಗೇಲಿ ಏಳತ್ತೆ. ಹೋದ ವರ್ಷ ನಮ್ಮ ಹುಡುಗೀರೂ ಬುತ್ತಿ ಕಟ್ಕೊಂಡು ಹೋಗಿ ಫೋಟೋ ತೆಗೆಸ್ಕೊಂಡು ಬಂದ್ರು. ಅಜ್ಜಿ ತವರೂ ಇದೇ ನೀರಲ್ಲಿರೋದು ಅಂದ್ರೆ, "ಹೌದಾ, ಯಾವೂರು?" ಅಂದ್ರು.

ಹೆಸರು ಇಲ್ಲಿ ಬರೆಯಲ್ಲ, ನಿಮಗೆಲ್ಲ ಗೊತ್ತು. ಆದ್ರೆ ಒಂದು ನೋಟ್‌ಬುಕ್ ಇಟ್ಟಿದೀನಿ. ಬಾವಿ ಎಲ್ಲಿತ್ತು, ಮಾರಮ್ಮನ ಗುಡಿ ಯಾವ ಕಡೆ, ಯಾರ ಮನೆ ಪಕ್ಕ ಯಾರ ಮನೆ ಅಂತ ಗುರುತು ಹಾಕ್ತಿದೀನಿ. ಈವರೆಗೆ ಏಳು ಮನೆ ಸಿಕ್ಕಿದೆ. ಚಿಕ್ಕಜ್ಜಿ, ನೀವು ಅಲ್ಲಿ ಲಂಗ ಹಾಕ್ಕೊಂಡು ಓಡಾಡಿದೋರು. ಉಳಿದಿದ್ದನ್ನ ಹೇಳಿ, ಭಾನುವಾರ ಮಧ್ಯಾಹ್ನ ನಾನೇ ಬರ್ತೀನಿ.