ಪ್ಲೇಗು, ಇಲಿ ಮತ್ತು ಅಪ್ರಮಾದ

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ವೈದ್ಯರಾದ ಅಕಾಸಿಯೊ ವಿಯೇಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಬಂದರಿನ ಮಗ್ಗುಲಲ್ಲಿದ್ದ ಮಾಂಡವಿ ಧಾನ್ಯದ ವರ್ತಕರ ಕೇರಿ. ಗೋದಾಮುಗಳ ನಡುವೆಯೇ ಕಿಕ್ಕಿರಿದ ಜನವಸತಿ. ಅಲ್ಲಿನ ವರ್ತಕರಲ್ಲಿ ಜೈನರೂ ಇದ್ದರು. ಮನುಷ್ಯರಿಗೆ ಜ್ವರ ಬರುವ ಮುನ್ನ ಆ ಗೋದಾಮುಗಳಲ್ಲಿ ಇಲಿಗಳು ಸತ್ತು ಬೀಳುತ್ತಿದ್ದವು. ಆ ಸೂಚನೆಯ ಅರ್ಥ ಆಗ ಯಾರಿಗೂ ತಿಳಿಯಲಿಲ್ಲ.

ಸರಕಾರವು ಎಚ್ಚೆತ್ತದ್ದು ತಡವಾಗಿ, ಎಚ್ಚೆತ್ತ ರೀತಿಯೋ ಅತಿ ಕಠೋರ. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಮನೆಗಳನ್ನು ಹೊಕ್ಕು ಶೋಧಿಸಿದರು. ಹೆಂಗಸರ ಮಾನಕ್ಕಾಗಲಿ, ದೇವರ ಕೋಣೆಯ ಶುಚಿತ್ವಕ್ಕಾಗಲಿ ಬೆಲೆ ಉಳಿಯಲಿಲ್ಲ. ಜನರು ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರ ಗುಂಡು ಹಾರಿತು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಅಭಯವಿಲ್ಲದೆ ಭೈಷಜ್ಯವನ್ನು ಮಾತ್ರ ಹೇರಹೊರಟಾಗ ಆಗುವುದು ಇದೇ.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಅದೇ ಕಾಲದ್ದು. ವಿಜ್ಞಾನಿ ಹ್ಯಾಫ್ಕಿನ್ 1897ರ ಜನವರಿ 10ರಂದು ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡನು. ಜನ ಆದರೂ ಹಿಂಜರಿದರು. ಆಗ ಖೋಜಾ ಸಮುದಾಯದ ತರುಣ ಧರ್ಮಗುರು ಮೂರನೆಯ ಆಗಾ ಖಾನ್ ತನ್ನ ಅನುಯಾಯಿಗಳ ಎದುರಿನಲ್ಲಿಯೇ ಲಸಿಕೆ ಪಡೆದರು, ಅವರು ನಂಬಿ ಮುಂದೆ ಬಂದರು. ಕಾಯಿದೆಯಿಂದ ಆಗದದ್ದು ಗುರುವಿನ ತೋಳಿನಿಂದ ಆಯಿತೆನ್ನಬೇಕು.

ಇನ್ನು ಇಲಿಗಳ ಮಾತು. ಪ್ಲೇಗಿನ ನಿಯಂತ್ರಣಕ್ಕೆ ಇಲಿಗಳನ್ನು ಕೊಲ್ಲುವ ಕ್ರಮ ಬಂದಾಗ ಜೈನರೂ ಹಿಂದೂಗಳಲ್ಲಿ ಅನೇಕರೂ ಅದನ್ನು ವಿರೋಧಿಸಿದರು. ಅಧಿಕಾರಿಗಳು ಇದನ್ನು ಮೌಢ್ಯವೆಂದರು. ಆದರೆ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು ರೋಗವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟವೆಂದು ಕಂಡುಕೊಂಡನು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟವು ಬೇರೆ ಆಸರೆಯನ್ನು ಅರಸುತ್ತದೆ. ಎಂದಮೇಲೆ ಚಿಗಟಗಳನ್ನು ಬಿಟ್ಟು ಇಲಿಗಳನ್ನಷ್ಟೇ ಕೊಲ್ಲುವುದು ಮನುಷ್ಯರಿಗೂ ಅಪಾಯಕರ. ಇಲಿ ಆ ರೋಗದ ಮೊದಲ ಬಲಿಯೇ ಹೊರತು ವೈರಿಯಲ್ಲ.

ಹಾಗೆಂದು ನಮ್ಮ ಹಿರಿಯರ ಪಾಲಿನ ದೋಷವನ್ನು ಮರೆಮಾಚುವುದು ಸಲ್ಲದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಪ್ರಮಾದದೊಡನೆ ಬೆಸೆದು ಹೇಳಿದೆ. ಧಾನ್ಯವನ್ನು ಚೆಲ್ಲಾಡಲು ಬಿಟ್ಟು, ಗೋದಾಮಿನ ಬಿಲಗಳನ್ನು ಮುಚ್ಚದೆ, ಇಲಿಗಳು ಸಾವಿರವಾಗಿ ಹೆಚ್ಚಿದ ಮೇಲೆ ಅವನ್ನು ಕೊಲ್ಲಬೇಡಿರೆಂದರೆ ಅದು ಅಹಿಂಸೆಯ ಅರ್ಧ ಪಾಲನೆಯಷ್ಟೇ. ಇಲಿ ನುಸುಳದ ಕಣಜವನ್ನು ಕಟ್ಟಿದ್ದರೆ ಎರಡೂ ಜೀವಗಳು ಉಳಿಯುತ್ತಿದ್ದವು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದ ಬಳಿಕ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ರಸ್ತೆಗಳೊಂದಿಗೆ ರೂಪುಗೊಂಡದ್ದೂ ಇಂಥ ಮುನ್ನೆಚ್ಚರಿಕೆಯ ಫಲವೇ. ಎಷ್ಟೋ ಜನರು ಸತ್ತ ಮೇಲೆ ಬಂದ ಎಚ್ಚರವೆಂಬುದೊಂದೇ ಕೊರತೆ.

ಹೊಸದಾಗಿ ತಲೆದೋರುವ ಸೋಂಕುಗಳಲ್ಲಿ ಬಹುಪಾಲು ಪ್ರಾಣಿಗಳಿಂದ ದಾಟಿ ಬಂದವು. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿದ ಮಹಾಮಾರಿ ಒಪ್ಪಂದದಲ್ಲಿಯೂ ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯವನ್ನು ಒಂದಾಗಿ ಕಾಣಬೇಕೆಂಬ ವಿಚಾರವಿದೆ. ಮಲೆನಾಡಿನ ಶ್ರಾವಕರಿಗೆ ಇದು ದೂರದ ಮಾತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಕಾಯಿಲೆಯಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಹಾಸಿಗೆ ಹಿಡಿದರು. ಅಲ್ಲಿ ರೋಗವನ್ನು ದಾಟಿಸುವುದು ಉಣುಗು. ಇಂದಿಗೂ ಸತ್ತ ಮಂಗನನ್ನು ಕಂಡವರು ಅದನ್ನು ಮುಟ್ಟದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದೇ ಆ ಕಾಯಿಲೆಯ ಮೊದಲ ಮುನ್ಸೂಚನೆ. ಕಾಡಿಗೆ ಹೋಗುವವರಿಗೆ ಇಲಾಖೆಯು ಹಂಚುತ್ತ ಬಂದಿರುವ ಡೆಪಾ ತೈಲವು ಉಣುಗನ್ನು ಕೊಲ್ಲುವ ಬದಲು ಮೈಗೆ ಹತ್ತದಂತೆ ದೂರವಿಡುತ್ತದೆ.