ಟ್ಯಾಲಿ ಆದ ಪುಸ್ತಕದಲ್ಲಿ ಬಿಟ್ಟುಹೋದ ಸಾಲು

1/7

ಬಿಕಾಂ ಮಾಡ್ತಿರೋರಿಗೆ ಗೊತ್ತಿರುತ್ತೆ, ಲೆಕ್ಕದಲ್ಲಿ ಎರಡು ಥರದ ತಪ್ಪು ಇರುತ್ತೆ. ಒಂದು ಕಡೆ 540 ಬರೆದು ಇನ್ನೊಂದು ಕಡೆ 450 ಬರೆದರೆ ಟ್ರಯಲ್ ಬ್ಯಾಲೆನ್ಸ್ ಕೂಗಿ ಹೇಳುತ್ತೆ, ಎಲ್ಲೋ ತಪ್ಪಾಗಿದೆ ಅಂತ. ಆದರೆ ಒಂದು ವ್ಯವಹಾರವನ್ನ ಎರಡೂ ಕಡೆ ಬರೆಯೋದೇ ಮರೆತರೆ? ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಎರಡೂ ಸರಿಯಾಗಿ ಕೂರುತ್ತೆ. ಪುಸ್ತಕ ಟ್ಯಾಲಿ. ಯಾರಿಗೂ ಅನುಮಾನ ಬರಲ್ಲ.

ಈ ಪಾಠ ನನಗೆ ಸರಿಯಾಗಿ ಅರ್ಥ ಆಗಿದ್ದು ಕ್ಲಾಸಲ್ಲಿ ಅಲ್ಲ, ನ್ಯಾಮತಿಯಲ್ಲಿ, ನಮ್ಮ ಬೀದಿಯ ಒಬ್ಬ ಅಜ್ಜನ ಮನೆ ಜಗುಲಿ ಮೇಲೆ. ಅಜ್ಜ ಮಾಜಿ ಸೈನಿಕರು. 1968ರಲ್ಲಿ ಸೇರಿದವರು, 1971ರ ಯುದ್ಧದ ಹೊತ್ತಲ್ಲಿ ಪಂಜಾಬ್ ಕಡೆ ಸೇನೆಯ ಲಾರಿ ಓಡಿಸಿದವರು. ಪಿಂಚಣಿಯ ಏನೋ ಕಾಗದಕ್ಕೆ ಅಂತ ಅವರ ಡಿಸ್ಚಾರ್ಜ್ ಬುಕ್ ನನ್ನ ಕೈಗೆ ಬಂತು. ಗೋಡೆ ಮೇಲಿನ ಹಳೇ ಕಪ್ಪು ಬಿಳುಪು ಫೋಟೋದಲ್ಲಿ ಅವರ ಎದೆ ಮೇಲೆ ಮೂರು ಪದಕ. ಪುಸ್ತಕದ ಪದಕಗಳ ಪುಟದಲ್ಲಿ ಎರಡೇ ಸಾಲು.

"ಅಜ್ಜ, ಒಂದು ಬಿಟ್ಟುಹೋಗಿದೆಯಲ್ಲ?"

"ಹೌದೇನೋ ತಮ್ಮಾ? ನಾನು ನೋಡೇ ಇಲ್ಲ. ಹೋಗ್ಲಿ ಬಿಡು, ಈ ವಯಸ್ಸಲ್ಲಿ ಅದನ್ನ ಯಾರು ಕೇಳ್ತಾರೆ?"

ನಲವತ್ತು ವರ್ಷದಿಂದ ಆ ಪುಸ್ತಕ ಟ್ರಂಕಿನಲ್ಲಿದೆ. ಯಾರಿಗೂ ಅನುಮಾನ ಬಂದಿಲ್ಲ.

ಈ ಸರಣಿಯಲ್ಲಿ ಅಂಥದ್ದೇ ಬಿಟ್ಟುಹೋದ ಒಂದು ಸಾಲಿನ ಕಥೆ ಹೇಳ್ತೀನಿ. ನಮ್ಮ ಕರ್ನಾಟಕದ್ದೇ. ಅದು ಪುಸ್ತಕಕ್ಕೆ ಬರೋಕೆ 23 ವರ್ಷ ಬೇಕಾಯ್ತು.

2/7

ಹೆಸರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಊರು ಕೊಡಗು. ಹುಟ್ಟಿದ್ದು 1932ರ ಡಿಸೆಂಬರ್‌ನಲ್ಲಿ. 1954ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. 1965ರಲ್ಲಿ ಯುದ್ಧ ಶುರುವಾದಾಗ ಅವರು ಹೊಸ ಹುಡುಗರಿಗೆ ವಿಮಾನ ಹಾರಿಸೋದು ಕಲಿಸೋ ಮೇಷ್ಟ್ರು. ಅಲ್ಲಿಂದ ಪಂಜಾಬಿನ ಆದಂಪುರಕ್ಕೆ, 1ನೇ ಸ್ಕ್ವಾಡ್ರನ್‌ಗೆ ಬಂದರು. ಆ ಸ್ಕ್ವಾಡ್ರನ್‌ಗೆ "ಟೈಗರ್ಸ್" ಅಂತ ಹೆಸರು.

1965ರ ಸೆಪ್ಟೆಂಬರ್ 7. ನಸುಕಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ. ಆ ಕಾಲಕ್ಕೆ ಅದು ಪಾಕಿಸ್ತಾನದ ಅತಿ ಭದ್ರವಾದ ವಾಯುನೆಲೆ. ಹೊರಟಿದ್ದು 12 ಮಿಸ್ಟೇರ್ ವಿಮಾನಗಳ ತಂಡ, ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ.

ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲೇ ಇಲ್ಲ. ಅವರು ಸ್ಟ್ಯಾಂಡ್‌ಬೈ. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕು, ಇಲ್ಲದಿದ್ದರೆ ನೆಲದ ಮೇಲೇ ಇರಬೇಕು. ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಹೊರಟರು.

ಇಲ್ಲೊಂದು ಮಾತು ನೆನಪಿಟ್ಟುಕೊಳ್ಳಿ. ಮಿಸ್ಟೇರ್ ಫ್ರಾನ್ಸಿನ ವಿಮಾನ, ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ದಾಟುತ್ತಿರಲಿಲ್ಲ. ಎದುರಾಳಿ ಹತ್ತಿರ ಇದ್ದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಶಬ್ದಕ್ಕಿಂತ ಎರಡು ಪಟ್ಟು ವೇಗ, ಜೊತೆಗೆ ಕ್ಷಿಪಣಿ.

ದಾಳಿ ಮುಗಿಸಿ ತಂಡ ವಾಪಸ್ ಬಂತು. ಒಬ್ಬರು ಮಾತ್ರ ಬರಲಿಲ್ಲ.

3/7

ಏನಾಯ್ತು ಅಂತ ನಮ್ಮವರಲ್ಲಿ ಯಾರೂ ಕಣ್ಣಾರೆ ನೋಡಿರಲಿಲ್ಲ. ಶತ್ರುವಿನ ಗುಂಡು ತಗುಲಿತಾ, ವಿಮಾನ ಕೆಟ್ಟಿತಾ, ನೆಲಕ್ಕೆ ಬಡಿಯಿತಾ, ಒಂದೂ ಗೊತ್ತಿಲ್ಲ. ದಾಖಲೆಯಲ್ಲಿ ಬಿದ್ದದ್ದು ಒಂದೇ ಪದ: ಕಾಣೆ.

ಈ ಪದದ ತೂಕ ನೀವೇ ಯೋಚಿಸಿ. ಸತ್ತರು ಅಂದರೆ ಮನೆಯವರು ಅತ್ತು, ಕಾರ್ಯ ಮುಗಿಸಿ, ಹೇಗೋ ಬದುಕು ಸಾಗಿಸ್ತಾರೆ. ಸೆರೆ ಸಿಕ್ಕರು ಅಂದರೆ ಬಿಡುಗಡೆಯ ದಿನ ಕಾಯ್ತಾರೆ. ಕಾಣೆ ಅಂದರೆ? ಬಾಗಿಲು ಸದ್ದಾದಾಗಲೆಲ್ಲ ಎದ್ದು ನೋಡಬೇಕು. ಅವರ ಪತ್ನಿ ಸುಂದರಿ ದೇವಯ್ಯ ಆ ಪದದ ಜೊತೆ ವರ್ಷಗಟ್ಟಲೆ ಬದುಕಿದರು.

ಶೌರ್ಯ ಪ್ರಶಸ್ತಿಯ ಪ್ರಶ್ನೆ ಯಾಕೆ ಏಳಲಿಲ್ಲ ಅಂತ ಕೇಳಬಹುದು. ಕಾರಣ ಸರಳ. ಶೌರ್ಯ ಪದಕಕ್ಕೆ ಶಿಫಾರಸು ಬೇಕು. ಎಲ್ಲಿ, ಯಾವಾಗ, ಏನು ಮಾಡಿದರು ಅಂತ ಬರೆಯಬೇಕು. ಬರೆಯೋದಕ್ಕೆ ಯಾರಾದರೂ ನೋಡಿರಬೇಕು. ನೋಡಿದವರೇ ಇಲ್ಲ ಅಂದಮೇಲೆ ಬರೆಯೋದೇನು?

ಇದರಲ್ಲಿ ಯಾರೂ ಬೇಕಂತ ಅನ್ಯಾಯ ಮಾಡಿದ್ದು ನನಗೆ ಕಾಣಲ್ಲ. ಹೊರಟ ವಿಮಾನಗಳ ಲೆಕ್ಕ ಬರೆದರು, ಮರಳಿದ ವಿಮಾನಗಳ ಲೆಕ್ಕ ಬರೆದರು, ವ್ಯತ್ಯಾಸ ಒಂದು. ಆ ಒಂದರ ಮುಂದೆ ಕಾಣೆ ಅಂತ ಬರೆದರು. ಪುಸ್ತಕ ಟ್ಯಾಲಿ ಆಯ್ತು. ಆಮೇಲೆ 1971ರಲ್ಲಿ ಇನ್ನೊಂದು ಯುದ್ಧ ಬಂತು, ಹೊಸ ಪುಟ ತೆರೆಯಿತು. ಹಳೇ ಪುಟ ತಿರುಗಿಸಿ ನೋಡುವ ಕೆಲಸ ಯಾರಿಗೂ ಬೀಳಲಿಲ್ಲ.

4/7

ನಿಮ್ಮ ಕ್ಯಾಶ್ ಬುಕ್ಕಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ ಹೇಗೆ ಪತ್ತೆ ಮಾಡ್ತೀರಿ? ಅದೇ ಪುಸ್ತಕವನ್ನ ನೂರು ಸಲ ಕೂಡಿದರೂ ಸಿಗಲ್ಲ. ಬ್ಯಾಂಕಿನ ಪಾಸ್‌ಬುಕ್ ತಂದು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಟಿಕ್ ಹಾಕಬೇಕು. ನಮ್ಮಲ್ಲಿ ಇಲ್ಲದ್ದು ಅವರಲ್ಲಿರುತ್ತೆ.

ದೇವಯ್ಯನವರ ಸಾಲು ಇದ್ದದ್ದು ಶತ್ರುವಿನ ಪಾಸ್‌ಬುಕ್ಕಲ್ಲಿ.

1979ರಲ್ಲಿ ಜಾನ್ ಫ್ರಿಕರ್ ಅನ್ನೋ ಬ್ರಿಟಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಒಂದು ಪುಸ್ತಕ ತಂದರು, "ಬ್ಯಾಟಲ್ ಫಾರ್ ಪಾಕಿಸ್ತಾನ್" ಅಂತ. ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಸಿಕ್ಕ ಮಾಹಿತಿ ಮೇಲೆ ನಿಂತ ಪುಸ್ತಕ ಅದು. ಅದರಲ್ಲಿ ಸೆಪ್ಟೆಂಬರ್ 7ರ ಬೆಳಗಿನ ಒಂದು ಘಟನೆ ಇತ್ತು.

ಸ್ಟಾರ್‌ಫೈಟರ್ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್, ವಾಪಸಾಗುತ್ತಿದ್ದ ಒಂದು ಮಿಸ್ಟೇರ್ ಬೆನ್ನು ಹತ್ತಿದರು. ಮೊದಲು ಕ್ಷಿಪಣಿ ಬಿಟ್ಟರು, ಅದು ನೆಲಕ್ಕೆ ಹೋಯ್ತು. ಆಮೇಲೆ ಗುಂಡು ಹೊಡೆದರು, ಅದು ತಗುಲಿತು. ಈ ಮಿಸ್ಟೇರ್ ಕಥೆ ಮುಗೀತು ಅಂದುಕೊಂಡರು. ಮುಗಿದಿರಲಿಲ್ಲ. ಏಟು ತಿಂದ ಅದೇ ಮಿಸ್ಟೇರ್ ತಿರುಗಿ ಬಂದು ಸ್ಟಾರ್‌ಫೈಟರ್ ಮೇಲೆ ಗುಂಡಿನ ಮಳೆ ಸುರಿಸಿತು. ವಿಮಾನ ಕೈತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಹಾರಿ ಬದುಕಿಕೊಂಡರು. ಮಿಸ್ಟೇರ್ ಕೂಡ ಬಿತ್ತು. ಅದರ ಪೈಲಟ್ ಉಳಿಯಲಿಲ್ಲ.

ಯಾರು ಆ ಪೈಲಟ್? ಆ ತಂಡದ ಬೇರೆ ಎಲ್ಲರೂ ವಾಪಸ್ ಬಂದು ತಮ್ಮ ವರದಿ ಕೊಟ್ಟಿದ್ದರು. ಅವರಲ್ಲಿ ಒಬ್ಬರೂ ಸ್ಟಾರ್‌ಫೈಟರ್ ಉರುಳಿಸಿದೆ ಅಂತ ಹೇಳಿರಲಿಲ್ಲ. ಉಳಿದ ಹೆಸರು ಒಂದೇ, ಆ ದಿನ ನೆಲದ ಮೇಲೇ ಇರಬಹುದಾಗಿದ್ದ ಸ್ಟ್ಯಾಂಡ್‌ಬೈ ಪೈಲಟ್.

ಇನ್ನೂ ಒಂದು ಸಂಗತಿ. ಇದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಹತ್ತಿರ ಮತ್ತೆ ವಿಮಾನ ಕಳೆದುಕೊಂಡು ನಮ್ಮ ದೇಶದಲ್ಲೇ ಯುದ್ಧಕೈದಿ ಆಗಿದ್ದರು. ಪಾಸ್‌ಬುಕ್ ಅಷ್ಟು ಹತ್ತಿರ ಬಂದು ಹೋಗಿತ್ತು ನೋಡಿ.

5/7

ಪುಸ್ತಕ ಬಂದ ಮಾತ್ರಕ್ಕೆ ದಾಖಲೆ ತಾನಾಗೇ ತಿದ್ದಿಕೊಳ್ಳಲ್ಲ. ಪಾಸ್‌ಬುಕ್ಕಲ್ಲಿ ಸಾಲು ಸಿಕ್ಕಿತು ಅಂತಿಟ್ಟುಕೊಳ್ಳಿ, ಅದನ್ನ ಕ್ಯಾಶ್ ಬುಕ್ಕಿಗೆ ತರೋಕೆ ಒಬ್ಬರು ಕೂತು ಕೆಲಸ ಮಾಡಬೇಕು.

ಇಲ್ಲಿ ಆ ಒಬ್ಬರು ತನೇಜಾ. 1965ರಲ್ಲಿ ದಾಳಿಯ ಮುಂದಾಳಾಗಿದ್ದವರು. ತನ್ನ ತಂಡದ ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ ಅಂತ ಅವರಿಗೆ ಗೊತ್ತಾಯ್ತು. ಹಿಡಿದ ಪಟ್ಟು ಬಿಡದೆ ವಿಷಯವನ್ನ ಮೇಲಕ್ಕೆ ಒಯ್ದರು. ವಾಯುಪಡೆ ಮತ್ತೆ ಪರಿಶೀಲನೆ ನಡೆಸಿತು.

1988ರಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಪರಮವೀರ ಚಕ್ರದ ನಂತರದ ದೊಡ್ಡ ಪ್ರಶಸ್ತಿ ಅದು. ಸುಂದರಿ ದೇವಯ್ಯ ಅದನ್ನ ಸ್ವೀಕರಿಸಿದರು. ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದ ವಾಯುಪಡೆಯ ಅಧಿಕಾರಿ ಇವರೊಬ್ಬರೇ.

ಲೆಕ್ಕ ಹಾಕಿ. ಘಟನೆಯಿಂದ ಪುಸ್ತಕಕ್ಕೆ 14 ವರ್ಷ. ಪುಸ್ತಕದಿಂದ ಪದಕಕ್ಕೆ ಇನ್ನೂ 9 ವರ್ಷ. ಪುರಾವೆ ಸಿಕ್ಕ ಮೇಲೂ 9 ವರ್ಷ! ಆ 9 ವರ್ಷದಲ್ಲಿ ತನೇಜಾ ಇಲ್ಲದೇ ಹೋಗಿದ್ದರೆ, ಅಥವಾ ಇದ್ದೂ "ಹೋಗ್ಲಿ ಬಿಡು" ಅಂದಿದ್ದರೆ?

ಇವತ್ತು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತ ಇದೆ. 2025ರ ಜನವರಿಯಲ್ಲಿ ಬಂದ "ಸ್ಕೈ ಫೋರ್ಸ್" ಹಿಂದಿ ಸಿನಿಮಾ ನೀವು ನೋಡಿರಬಹುದು. ಹೆಸರುಗಳನ್ನ ಬದಲಿಸಿದ್ದಾರೆ, ಆದರೆ ಅದರ ಬೇರು ಇದೇ ಕಥೆ. ಕೊಡಗಿನ ಹುಡುಗ ಅಂತ ಥಿಯೇಟರಲ್ಲಿ ನನ್ನ ಪಕ್ಕ ಕೂತವರಿಗೆ ಗೊತ್ತಿರಲಿಲ್ಲ. ಇಂಟರ್ವಲ್ಲಲ್ಲಿ ನಾನೇ ಹೇಳಿದೆ.

6/7

ಈಗ ವಾಪಸ್ ನ್ಯಾಮತಿಗೆ, ಅಜ್ಜನ ಟ್ರಂಕಿಗೆ.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ದೇವಯ್ಯನವರದ್ದು ಶೌರ್ಯ ಪ್ರಶಸ್ತಿ. ಅದನ್ನ ತೂಗಿ ನೋಡಿ ಕೊಡ್ತಾರೆ, ಅದಕ್ಕೆ ಮಾಸಿಕ ಭತ್ಯೆಯೂ ಇದೆ. 2017ರ ಪರಿಷ್ಕರಣೆಯಲ್ಲಿ ಮಹಾವೀರ ಚಕ್ರಕ್ಕೆ ತಿಂಗಳಿಗೆ 10,000 ರೂಪಾಯಿ ಆಯ್ತು. ಅಜ್ಜನದ್ದು ಸೇವಾ ಪದಕ. ಇಂಥ ಕಾಲದಲ್ಲಿ ಇಂಥ ಕಡೆ ಇದ್ದರೆ ಸಾಕು, ಅದು ಹಕ್ಕು. 1971ಕ್ಕೆ ಪಶ್ಚಿಮದಲ್ಲಿ ಹೋರಾಡಿದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದವರಿಗೆ ಪೂರ್ವಿ ಸ್ಟಾರ್, ಜೊತೆಗೆ ಸಂಗ್ರಾಮ್ ಪದಕ. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಪದಕ. ದುಡ್ಡು ಬರಲ್ಲ. ಹೆಸರು ಬರುತ್ತೆ ಅಷ್ಟೇ.

ಅಜ್ಜನ ಪುಸ್ತಕದಲ್ಲಿ ಇಲ್ಲದ್ದು ಸಂಗ್ರಾಮ್ ಪದಕ. ಟ್ರಂಕಿನ ತಳದಲ್ಲಿ, ಹಳೇ ಪೌಡರ್ ಡಬ್ಬಿಯಲ್ಲಿ, ಬಟ್ಟೆ ಸುತ್ತಿಟ್ಟ ಪದಕ ಸಿಕ್ಕಿತು. ರಿಬ್ಬನ್ ಹುಳ ತಿಂದಿತ್ತು. ಅದರ ಅಂಚನ್ನ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಸೇನೆ ಕೊಡೋ ಪದಕದ ಅಂಚಲ್ಲಿ ಪಡೆದವರ ಸೇವಾ ಸಂಖ್ಯೆ, ಹೆಸರು ಕೆತ್ತಿರ್ತಾರೆ. ಕೆತ್ತಿದ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಒಂದೇ. ಪಾಸ್‌ಬುಕ್ ಮನೆಯಲ್ಲೇ ಇತ್ತು!

ಅರ್ಜಿ ಕೊಡೋಕೆ ಹೋದಾಗ ಇನ್ನೊಂದು ತೊಡಕು. ಡಿಸ್ಚಾರ್ಜ್ ಬುಕ್ಕಲ್ಲಿ ಅಜ್ಜನ ವಿಳಾಸ: ಮೈಸೂರು ರಾಜ್ಯ, ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಆಧಾರ್‌ನಲ್ಲಿ: ಕರ್ನಾಟಕ, ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು. ಕೌಂಟರಲ್ಲಿ ಕೂತಿದ್ದವರು "ಇಬ್ಬರೂ ಒಂದೇ ಮನುಷ್ಯ ಅಂತ ಹೇಗೆ ನಂಬೋದು?" ಅಂದರು.

ಅಜ್ಜ ಎಲ್ಲೂ ಹೋಗಿಲ್ಲ ಕಣ್ರಿ, ಅದೇ ಮನೆ, ಅದೇ ಜಗುಲಿ. 1973ರಲ್ಲಿ ರಾಜ್ಯದ ಹೆಸರು ಬದಲಾಯ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯ್ತು. ಮನುಷ್ಯ ಕೂತಲ್ಲೇ ಕೂತಿದ್ದ, ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾದವು. ನಮ್ಮ ನಾಲ್ಕು ತಾಲ್ಲೂಕಿನ ಪ್ರತಿ ಹಳೇ ಸೈನಿಕರ ಕಾಗದಕ್ಕೂ ಈ ಕಷ್ಟ ಬರಬಹುದು. ಎರಡೂ ವಿಳಾಸ ಒಂದೇ ಊರಿನದ್ದು ಅಂತ ಬರೆದ ಒಂದು ಪತ್ರ ಲಗತ್ತಿಸಿದೆವು.

7/7

ನಿಮ್ಮ ಮನೆಯಲ್ಲೂ ಇಂಥ ಟ್ರಂಕ್ ಇದ್ದರೆ ಹೀಗೆ ಮಾಡಿ.

ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದಿಡಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ಪದಕಗಳ ಪುಟವನ್ನ ಮನೆಯಲ್ಲಿರೋ ಪದಕ, ಹಳೇ ಫೋಟೋ, ಕಾಗದಗಳ ಜೊತೆ ಒಂದೊಂದಾಗಿ ಟಿಕ್ ಹಾಕಿ. ಪದಕದ ಅಂಚು ಓದಿ.

ಎಲ್ಲಿದ್ದರು, ಯಾವ ಯೂನಿಟ್, ಯಾವ ವರ್ಷ ಅಂತ ಅಜ್ಜನ ಬಾಯಲ್ಲೇ ಹೇಳಿಸಿ ಬರೆದುಕೊಳ್ಳಿ. ಸೈನಿಕರಿಗೆ ಸಂಬಂಧಿಸಿದ ಇಂಥ ವಿವರಗಳನ್ನ ಯೂನಿಟ್‌ನಲ್ಲಿ "ಪಾರ್ಟ್ ಟೂ ಆರ್ಡರ್" ಅನ್ನೋ ಆದೇಶದಲ್ಲಿ ಬರೀತಾರೆ. ಯೂನಿಟ್, ವರ್ಷ ಗೊತ್ತಿದ್ದರೆ ಅದನ್ನ ಹುಡುಕೋದು ಸುಲಭ.

ಅರ್ಜಿ ಹೋಗಬೇಕಾದ್ದು ಅವರ ರೆಜಿಮೆಂಟ್ ಅಥವಾ ಕೋರ್‌ನ ದಾಖಲೆ ಕಚೇರಿಗೆ. ಮದ್ರಾಸ್ ಇಂಜಿನಿಯರ್ ಗ್ರೂಪಿನವರದ್ದು ಬೆಂಗಳೂರು, ಮರಾಠಾ ಲೈಟ್ ಇನ್‌ಫೆಂಟ್ರಿಯವರದ್ದು ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರದ್ದು ವೆಲ್ಲಿಂಗ್ಟನ್. ದಾರಿ ಗೊತ್ತಾಗದಿದ್ದರೆ ನಿಮ್ಮ ಜಿಲ್ಲೆಯನ್ನ ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ.

1971ರಲ್ಲಿ 20 ವರ್ಷದವರಾಗಿದ್ದವರು, ಅಂದರೆ ಈಗ ನನಗಿರೋ ವಯಸ್ಸಿನವರು, ಇವತ್ತು 70 ದಾಟಿದ್ದಾರೆ. ಕಾಗದ ಇನ್ನೂ ಕಾಯಬಹುದು. ಅವರಿಗೆ ಅಷ್ಟು ಸಮಯ ಇಲ್ಲ. ತನೇಜಾ ಥರ "ನಾನು ಅಲ್ಲಿದ್ದೆ" ಅಂತ ಹೇಳೋರು ಇರುವಾಗಲೇ ಸಾಲು ಬರೆಸಬೇಕು.

ನಮ್ಮ ಅಜ್ಜನ ಅರ್ಜಿ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಯಾರು ಕೇಳ್ತಾರೆ ಅಂದಿದ್ದ ಅಜ್ಜ ಈಗ ದಿನಾ ಸಂಜೆ ನಾನು ಕಾಲೇಜಿಂದ ಬರೋದನ್ನೇ ಕಾದು ಕೇಳ್ತಾರೆ:

"ಏನ್ ತಮ್ಮಾ, ಪೋಸ್ಟ್ ಬಂತಾ?"

ನಿಮ್ಮ ಮನೆಯ ಪುಸ್ತಕದಲ್ಲೂ ಸಾಲು ಬಿಟ್ಟುಹೋಗಿದ್ದರೆ ಕಾಮೆಂಟಲ್ಲಿ ಹೇಳಿ. ಹೆಸರು, ಸೇವಾ ಸಂಖ್ಯೆ ಮಾತ್ರ ಹಾಕಬೇಡಿ. ಸೇವ್ ಮಾಡ್ಕೊಳ್ಳಿ, ಮಾಜಿ ಸೈನಿಕರಿರೋ ಮನೆಗೆ ಕಳಿಸಿ.

#ನ್ಯಾಮತಿ #ಹೊನ್ನಾಳಿ #ಚನ್ನಗಿರಿ #ಜಗಳೂರು #ಅಜ್ಜಮಾಡದೇವಯ್ಯ #ಮಾಜಿಸೈನಿಕರು #ಕನ್ನಡಇತಿಹಾಸ